ಕೇಳಿದ ಧಾಟಿ, ಕಟ್ಟಿದ ಹಾಡು



ಸಂಜೆ ಬಿಸಿಲು ಇಳಿದ ಮೇಲೆ ಕಾರವಾರದ ಕಡಲತೀರಕ್ಕೆ ಹೋದರೆ ನಿಮ್ಮಂಥ ಹತ್ತಾರು ಹುಡುಗ ಹುಡುಗಿಯರು ಮರಳಿನ ಮೇಲೆ ಕುಳಿತಿರುವುದು ಕಾಣುತ್ತದೆ. ಎದುರಿಗೆ ಸಮುದ್ರ, ಕೈಯಲ್ಲಿ ಫೋನು. ಒಬ್ಬ ಗಿಟಾರಿನ ಪಾಠದ ವಿಡಿಯೋ ನೋಡುತ್ತಿರುತ್ತಾನೆ. ಇನ್ನೊಬ್ಬಳು ಯಾವುದೋ ದೇಶದ ಗೋಡೆಚಿತ್ರವನ್ನು ದೊಡ್ಡದು ಮಾಡಿಕೊಂಡು ಗೆರೆಗೆರೆಯನ್ನೂ ಪರೀಕ್ಷಿಸುತ್ತಿರುತ್ತಾಳೆ. ಮತ್ತೊಂದು ಗುಂಪು ಕೊರಿಯಾದ ಹಾಡಿಗೆ ಹೆಜ್ಜೆ ಕಲಿಯುತ್ತಿರುತ್ತದೆ. ಗಾಳಿ ಸೇವನೆಗೆ ಬಂದ ಹಿರಿಯರು ಗೊಣಗುತ್ತಾರೆ: "ಇಷ್ಟು ದೊಡ್ಡ ಸಮುದ್ರ ಎದುರಿಗಿದೆ, ಇವರಿಗೆ ಅಂಗೈಯಗಲದ ಗಾಜೇ ಸಾಕು. ಸ್ವಂತದ್ದು ಏನೂ ಇಲ್ಲ, ಎಲ್ಲ ನೋಡಿ ಮಾಡಿದ್ದು."

ಈ ದೂರಿನಲ್ಲಿ ಎಷ್ಟು ಹುರುಳಿದೆ? ನೋಡಿ ಮಾಡುವುದು, ಕೇಳಿ ಕಟ್ಟುವುದು ನಿಜವಾಗಿಯೂ ಅಷ್ಟು ಕೀಳಾದ ಕೆಲಸವೆ? ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಆ ಹುಡುಗರು ಕುಳಿತಿರುವ ಮರಳದಂಡೆಗೇ ಒಬ್ಬ ಕವಿಯ ಹೆಸರಿದೆ. ರವೀಂದ್ರನಾಥ ಟಾಗೋರ್ ಕಡಲತೀರ ಎಂದು ಫಲಕದಲ್ಲಿ ಓದಿ, "ಟಾಗೋರರು ಇಲ್ಲಿಗೆ ಬಂದಿದ್ದರಂತೆ" ಎನ್ನುವಷ್ಟಕ್ಕೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಬಂದವರು ಇಲ್ಲಿ ಏನು ಕಂಡರು, ಕಂಡದ್ದನ್ನು ಏನು ಮಾಡಿದರು ಎಂಬುದು ಇಂದಿನ ಮಾತುಕತೆಯ ವಿಷಯ.

ಇಸವಿ 1883. ರವೀಂದ್ರನಾಥರಿಗೆ ಆಗ ಇಪ್ಪತ್ತೆರಡು ವರ್ಷ, ಅಂದರೆ ನಿಮ್ಮಲ್ಲಿ ಪದವಿ ಮುಗಿಸುವವರ ವಯಸ್ಸು. ಗಡ್ಡ ನರೆತ ಗುರುದೇವರ ಚಿತ್ರವನ್ನು ಸ್ವಲ್ಪ ಹೊತ್ತು ಮರೆಯಿರಿ. ನೊಬೆಲ್ ಬಹುಮಾನಕ್ಕೆ ಇನ್ನೂ ಮೂವತ್ತು ವರ್ಷ ಇದೆ. ಇಂಗ್ಲೆಂಡಿಗೆ ಹೋಗಿ, ಪದವಿಯಿಲ್ಲದೆ ಮರಳಿ ಬಂದು, ಮನೆಯವರಿಗೆ ಸ್ವಲ್ಪ ಚಿಂತೆಗೂ ಕಾರಣನಾಗಿದ್ದ ತರುಣ ಆತ. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು ಅವರೇ, 1863ರಲ್ಲಿ. ಅವರನ್ನು ಮುಂಬಯಿ ಪ್ರಾಂತಕ್ಕೆ ನೇಮಿಸಿದ್ದರು.

ಕಾರವಾರ ಮುಂಬಯಿ ಪ್ರಾಂತಕ್ಕೆ ಸೇರಿದ್ದೂ ಒಂದು ಕಥೆಯೇ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. ಅದನ್ನು ಸಾಗಿಸಲು ಒಂದು ಬಂದರು ಬೇಕಾಯಿತು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕಾರವಾರ ಜಿಲ್ಲಾಕೇಂದ್ರವಾಯಿತು, ಕಚೇರಿಗಳು ಎದ್ದವು. ಆದರೆ ಎಲ್ಲರೂ ಕಾದಿದ್ದ ರೈಲು ಕೊನೆಗೆ ಗೋವೆಯ ಮಾರ್ಮಗೋವೆಗೆ ಹೋಯಿತು. ಕಾರವಾರದವರು ರೈಲು ಕಂಡದ್ದು ಅದಾಗಿ ನೂರು ವರ್ಷದ ಮೇಲೆ, ಕೊಂಕಣ ರೈಲಿನ ಕಾಲದಲ್ಲಿ. ಹತ್ತಿಯ ಲೆಕ್ಕಾಚಾರದಿಂದ ಹುಟ್ಟಿದ ಊರಿಗೆ ಹತ್ತಿಯ ಲಾಭ ದಕ್ಕಲಿಲ್ಲ. ಒಬ್ಬ ಕವಿ ಮಾತ್ರ ಬಂದುಹೋದ. ಇರಲಿ.

ಟಾಗೋರರು 'ಜೀವನ ಸ್ಮೃತಿ' ಎಂಬ ತಮ್ಮ ನೆನಪುಗಳ ಪುಸ್ತಕದಲ್ಲಿ ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಅದು ಪುಸ್ತಕವಾದದ್ದು 1912ರಲ್ಲಿ, ಅಂದರೆ ಕಾರವಾರದಿಂದ ಹೋಗಿ ಸುಮಾರು ಮೂವತ್ತು ವರ್ಷಗಳ ನಂತರ. ಗುಡ್ಡಗಳು ಸುತ್ತುವರಿದ, ಬಂದರೆಂದು ಗುರುತೇ ಹತ್ತದಷ್ಟು ಮರೆಯಾದ ಚಿಕ್ಕ ಬಂದರು. ಅರ್ಧಚಂದ್ರದಂತೆ ಬಾಗಿ ಸಮುದ್ರವನ್ನು ತಬ್ಬಲು ತೋಳು ಚಾಚಿದ ಮರಳದಂಡೆ. ಅಂಚಿಗೆ ಗಾಳಿಮರಗಳ ಸಾಲು. ಒಂದು ತುದಿಯಲ್ಲಿ ಬೆಟ್ಟಗಳ ನಡುವಿನಿಂದ ಬಂದು ಕಡಲು ಸೇರುವ ಕಾಳಿ ನದಿ. ಅವರು ಬರೆದ ಚಿತ್ರ ಇದು. ಕಾರವಾರ ಕಂಡವರಿಗೆ ಇದರಲ್ಲಿ ಉತ್ಪ್ರೇಕ್ಷೆಯೇನೂ ತೋರದು.

ಒಂದು ಬೆಳದಿಂಗಳ ಸಂಜೆ ಮನೆಯವರು ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ಬದಿಗೆ ಹೊರಟರು. ಶಿವಾಜಿಯ ಕಾಲದ್ದೆಂದು ಅವರಿಗೆ ತಿಳಿದಿದ್ದ ಒಂದು ಗಿರಿದುರ್ಗದ ಬಳಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳಕ್ಕೆ ಹೋಗಿ, ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ಪ್ರವಾಹಕ್ಕೆ ಬಿಟ್ಟರು. ನದಿಯ ಬಾಯಿ ತಲುಪುವಷ್ಟರಲ್ಲಿ ರಾತ್ರಿ ಬಹಳವಾಗಿತ್ತು. ಸಮುದ್ರದ ಮೇಲೆ ಹೋಗುವ ಬದಲು ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆಗೆ ಬಂದರು. ಅಲೆಯಿಲ್ಲ, ಗಾಳಿಮರದ ಸದ್ದಿಲ್ಲ. ಆ ರಾತ್ರಿ ಮನೆಗೆ ಬಂದ ತರುಣ ಕವಿ ಒಂದು ಕವಿತೆ ಬರೆದ.

ಇಲ್ಲಿಯವರೆಗೆ ಕಥೆ ನಾವು ನಿರೀಕ್ಷಿಸಿದಂತೆಯೇ ಇದೆ. ಸುಂದರವಾದದ್ದನ್ನು ಕಂಡ, ಕೂಡಲೇ ಬರೆದ. ಆದರೆ ಮುಂದಿನ ಮಾತನ್ನು ಗಮನಿಸಿ. ಮೂವತ್ತು ವರ್ಷದ ನಂತರ ಆ ಕವಿತೆಯನ್ನು ನೆನಪಿಸಿಕೊಂಡಾಗ ಟಾಗೋರರಿಗೆ ಅದರ ಬೆಲೆಯ ಬಗ್ಗೆಯೇ ಅನುಮಾನ. ಆ ರಾತ್ರಿಯ ನೆನಪಿನಿಂದ ಬಿಡಿಸಿ ನೋಡಿದರೆ ಓದುಗರಿಗೆ ಅದು ಹೇಗೆ ಕಂಡೀತೋ ಎಂದು ಸಂಕೋಚಪಡುತ್ತಾರೆ. ಭಾವ ಉಕ್ಕಿ ಬಂದ ಕೂಡಲೇ ಬರೆದದ್ದೆಲ್ಲ ಒಳ್ಳೆಯ ಕವಿತೆಯಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಬರೆಯುವವನು ಆ ಅನುಭವದಿಂದ ತೀರ ದೂರವೂ ಇರಬಾರದು, ತೀರ ಹತ್ತಿರವೂ ಇರಬಾರದು. ಹತ್ತಿರದ್ದು ನಮ್ಮನ್ನು ಅಲುಗಲು ಬಿಡದೆ ಹಿಡಿಯುತ್ತದೆ. ಕಾವ್ಯಕ್ಕೆ ಸರಿಯಾದ ಬಣ್ಣ ಹಚ್ಚುವ ಕುಂಚವೆಂದರೆ ನೆನಪು. ಅವರ ಮಾತಿನ ತಾತ್ಪರ್ಯ ಇಷ್ಟು.

ಫೋನಿನಲ್ಲಿ ಒಂದು ಒಳ್ಳೆಯ ವಿಡಿಯೋ ನೋಡಿ ಅದೇ ಸಂಜೆ ಅಂಥದ್ದೇ ಒಂದನ್ನು ಮಾಡಿ ಹಾಕುವ ನಿಮಗೆ ಈ ಮಾತು ಸ್ವಲ್ಪ ಚುಚ್ಚಬಹುದು. ಚುಚ್ಚಲಿ ಎಂದೇ ಹೇಳಿದೆ. ಆದರೆ ತಪ್ಪು ತಿಳಿಯಬೇಡಿ. ಟಾಗೋರರು ಆ ರಾತ್ರಿ ಬರೆಯಬಾರದಿತ್ತು ಎಂದು ಎಲ್ಲೂ ಹೇಳಲಿಲ್ಲ. ಬರೆದರು, ಇಟ್ಟುಕೊಂಡರು, ಆಮೇಲೆ ತೂಗಿ ನೋಡಿದರು.

ಕಾರವಾರದಲ್ಲಿ ಬರೆದವುಗಳಲ್ಲಿ ನಿಜವಾಗಿ ಬಾಳಿದ್ದು ಬೇರೆಯೇ ಒಂದು ಕೃತಿ: 'ಪ್ರಕೃತಿರ್ ಪ್ರತಿಶೋಧ', ಅಂದರೆ ಪ್ರಕೃತಿಯ ಸೇಡು ಎಂಬ ಕಾವ್ಯನಾಟಕ. 1884ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ 'ಸನ್ಯಾಸಿ' ಎಂಬ ಹೆಸರಿನಿಂದ 1917ರಲ್ಲಿ ಬಂತು. ಕಥೆ ಸರಳ. ಎಲ್ಲ ಬಂಧನಗಳನ್ನೂ ಕಡಿದುಕೊಂಡು ಪ್ರಕೃತಿಯನ್ನೇ ಗೆದ್ದೆನೆಂದು ಬೀಗುವ ಒಬ್ಬ ಸಂನ್ಯಾಸಿ. ಊರವರು ಮುಟ್ಟದೆ ದೂರವಿಟ್ಟ ಒಬ್ಬ ಅನಾಥ ಹುಡುಗಿ ಅವನ ಬಳಿ ಬರುತ್ತಾಳೆ. ಅವಳ ಮೇಲೆ ಮಮತೆ ಹುಟ್ಟುತ್ತಿದೆಯೆಂದು ಹೆದರಿ ಅವನು ಓಡಿಹೋಗುತ್ತಾನೆ. ಕೊನೆಗೆ ದಂಡ ಕಮಂಡಲಗಳನ್ನು ಎಸೆದು, ಲೋಕ ಬೇಕೆಂದು, ಆ ಮಗು ಬೇಕೆಂದು ಹಿಂತಿರುಗಿ ಬರುತ್ತಾನೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಈ ನಾಟಕದಲ್ಲಿ ಕಾರವಾರ ಎಲ್ಲಿದೆ? ಹುಡುಕಿದರೆ ಗಾಳಿಮರವಿಲ್ಲ, ಮರಳದಂಡೆಯಿಲ್ಲ, ದೋಣಿಯಿಲ್ಲ. ಆದರೂ ಟಾಗೋರರು ಇದನ್ನು ಕಾರವಾರದ ಅಧ್ಯಾಯದಲ್ಲೇ ಇಟ್ಟು ವಿವರಿಸುತ್ತಾರೆ. ಪ್ರಕೃತಿಯ ಸೌಂದರ್ಯ ಬರಿಯ ಮಾಯೆಯಲ್ಲ, ಸೀಮೆಯೊಳಗೇ ಅಸೀಮವೂ ಇದೆ ಎಂದು ತಿಳಿಯಲು ಕಾರವಾರದ ಕಡಲತೀರ ತಕ್ಕ ಸ್ಥಳ ಎಂಬುದು ಅವರ ವಿವರಣೆ. ಕಣ್ಣು ಕಂಡದ್ದು ಕಡಲು. ಕೈ ಬರೆದದ್ದು ಒಂದು ಪುಟ್ಟ ಹುಡುಗಿಯ ಕಥೆ. ನಡುವೆ ಏನೋ ನಡೆದಿದೆ, ಆ ಏನೋ ಎಂಬುದಕ್ಕೇ ನಾವು ಸ್ಫೂರ್ತಿ ಎಂಬ ದೊಡ್ಡ ಹೆಸರಿಟ್ಟಿದ್ದೇವೆ. ನಾಟಕದ ಕೆಲವು ಹಾಡುಗಳನ್ನು ಅವರು ಕಟ್ಟಿದ್ದು ಕಾರವಾರದಿಂದ ಮರಳುವಾಗ, ಹಡಗಿನ ಅಟ್ಟದ ಮೇಲೆ ಕುಳಿತು ಹಾಡಿಕೊಳ್ಳುತ್ತ. ಮೊದಲ ಹಾಡು ಗೋಪಾಲಕರು ಯಶೋದೆಯ ಬಾಗಿಲಿಗೆ ಬಂದು ಕೃಷ್ಣನನ್ನು ಆಡಲು ಕಳಿಸೆಂದು ಕೇಳುವುದು. ಸುತ್ತಲೂ ಅರಬ್ಬಿ ಸಮುದ್ರ, ಬಾಯಲ್ಲಿ ದನಕಾಯುವ ಹುಡುಗರ ಹಾಡು! ಆ ವರ್ಷದ ಡಿಸೆಂಬರ್ 9ರಂದು ಅವರ ಮದುವೆಯಾಯಿತು.

ಕಣ್ಣಿನ ವಿಷಯ ಇಷ್ಟಾಯಿತು. ಕಿವಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ.

ಟಾಗೋರರ ಮನೆಯಲ್ಲಿ ಧಾಟಿಗಳನ್ನು ಸಂಗ್ರಹಿಸುವುದು ಒಂದು ಹುಚ್ಚೇ ಆಗಿತ್ತು. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೋ ಮುಂದೆ ಕುಳಿತು ಬಗೆಬಗೆಯ ಸ್ವರಗಳನ್ನು ಬೆರೆಸಿ ನುಡಿಸುವರು. ಪಕ್ಕದಲ್ಲಿ ಕುಳಿತ ರವೀಂದ್ರರು ಅದಕ್ಕೆ ಕೂಡಲೇ ಮಾತು ಕೂಡಿಸುವರು. 1881ರ 'ವಾಲ್ಮೀಕಿ ಪ್ರತಿಭಾ' ಎಂಬ ಗೀತನಾಟಕದಲ್ಲಿ ನಮ್ಮ ದೇಶದ ರಾಗಗಳ ಜೊತೆಗೆ ಇಂಗ್ಲೆಂಡಿನಲ್ಲಿ ಕೇಳಿ ಬಂದ ಐರಿಷ್ ಧಾಟಿಗಳೂ ಇವೆ. ಹೊಸ ವರ್ಷದ ರಾತ್ರಿ ಇಂಗ್ಲಿಷರು ಹಾಡುವ ಸ್ಕಾಟ್ಲೆಂಡಿನ ಹಳೆಯ ಹಾಡೊಂದರ ಧಾಟಿ ಅವರ ಕೈಯಲ್ಲಿ ಹಳೆಯ ಗೆಳೆಯರನ್ನು ನೆನೆಯುವ ಬಂಗಾಳಿ ಹಾಡಾಗಿದೆ. ಇಂದು ಅದನ್ನು ಹಾಡುವ ಬಂಗಾಳಿ ಮಕ್ಕಳಿಗೆ ಅದು ಹೊರಗಿನದೆಂಬ ಭಾವನೆಯೇ ಇಲ್ಲ.

ಇಂಥ ಹಾಡುಗಳಿಗೆ ಬಂಗಾಳಿಯಲ್ಲಿ 'ಭಾಂಗಾ ಗಾನ್' ಎನ್ನುತ್ತಾರೆ. ಮುರಿದ ಹಾಡು ಎಂದು ಅರ್ಥ. ಒಂದು ಹಾಡನ್ನು ಮುರಿದು, ಅದರ ಧಾಟಿಯನ್ನು ತೆಗೆದುಕೊಂಡು, ಬೇರೆ ಮಾತು, ಬೇರೆ ಭಾವ ತುಂಬಿ ಮರಳಿ ಕಟ್ಟುವುದು. ಕದ್ದ ಹಾಡು ಎಂದು ಕರೆಯಲಿಲ್ಲ, ಎರವಲು ಹಾಡು ಎಂದೂ ಕರೆಯಲಿಲ್ಲ. ಮುರಿದ ಹಾಡು ಎಂದರು. ಆ ಪದದಲ್ಲಿ ಪ್ರಾಮಾಣಿಕತೆಯಿದೆ ಎಂದು ನನಗೆ ತೋರುತ್ತದೆ. ಮುರಿದವನಿಗೆ ತಾನು ಮುರಿದೆನೆಂಬುದು ನೆನಪಿದೆ.

ಈ ಮುರಿದ ಹಾಡುಗಳ ದೀರ್ಘವಾದ ಪಟ್ಟಿಯನ್ನು ಮಾಡಿ 1954ರಲ್ಲಿ ಪ್ರಕಟಿಸಿದವರು ಇಂದಿರಾದೇವಿ ಚೌಧುರಾಣಿ. ಯಾರು ಈಕೆ ಎಂದರೆ ಕಾರವಾರದ ಆ ನ್ಯಾಯಾಧೀಶರ ಮಗಳು, ಟಾಗೋರರಿಗೆ ಅಣ್ಣನ ಮಗಳು. ಈ ಹಾಡುಗಳಲ್ಲಿ ಹಿಂದುಸ್ತಾನಿ ಧ್ರುಪದಗಳಿಂದ ಬಂದವು ಬಹಳ. ಪಂಜಾಬಿ ಭಜನೆಗಳಿವೆ, ಗುಜರಾತಿ ಇವೆ. ಅವುಗಳ ನಡುವೆ ನಮ್ಮ ಕನ್ನಡದವೂ ಕೆಲವು ಕುಳಿತಿವೆ. 'ಬಡೊ ಆಶಾ ಕರೆ' ಎಂಬ ಬಂಗಾಳಿ ಹಾಡಿಗೆ ಮೂಲ 'ಸಖಿ ಬಾ ಬಾ' ಎಂಬ ಕನ್ನಡ ಹಾಡು. 'ಆಜಿ ಶುಭದಿನೆ' ಎಂಬುದಕ್ಕೆ ಮೂಲ 'ಪೂರ್ಣಚಂದ್ರಾನನೆ'.

ಈ ಎರಡು ಜೋಡಿಗಳನ್ನು ಸ್ವಲ್ಪ ಹೊತ್ತು ನೋಡೋಣ. ಕನ್ನಡದ ಮೊದಲ ಹಾಡು ಹೆಸರಿನಲ್ಲೇ ಹೇಳುವಂತೆ ಗೆಳತಿಯನ್ನು ಕರೆಯುವುದು. ಬಂಗಾಳಿಯ ಹಾಡು ಬ್ರಹ್ಮಸಮಾಜದ ಪ್ರಾರ್ಥನೆ. ಬಹಳ ಆಸೆಯಿಂದ ಬಾಗಿಲಿಗೆ ಬಂದ ಜೀವವೊಂದು ತಾಯಿಯೆದುರು ನಿಂತು, ಹಿಂದೆ ಕಳಿಸಬೇಡ, ಹತ್ತಿರ ಕರೆದುಕೋ ಎಂದು ಬೇಡುತ್ತದೆ. ಅಲ್ಲಿ ಕರೆಯುವವರ ಹಾಡು, ಇಲ್ಲಿ ಕರೆಗೆ ಕಾಯುವವರ ಹಾಡು. ಎರಡನೆಯ ಜೋಡಿಯಲ್ಲಿ ಕನ್ನಡದ ಮೊದಲ ಪದ ಹುಣ್ಣಿಮೆಯ ಚಂದ್ರನಂಥ ಮುಖದವಳನ್ನು ಹೊಗಳುತ್ತದೆ. ಬಂಗಾಳಿಯದು ಶುಭದಿನದಂದು ಪರಮ ಪಿತನ ಮನೆಗೆ ಹೊರಟವರ ಹಾಡು. ಶೃಂಗಾರದ ಧಾಟಿಯನ್ನು ಭಕ್ತಿಗೆ ಹೊರಳಿಸುವುದು ನಮಗೆ ಹೊಸದೇನೂ ಅಲ್ಲ, ನಮ್ಮ ವಚನಕಾರರೂ ಶರಣಸತಿ ಲಿಂಗಪತಿ ಎಂದವರೇ. ಆದರೆ ಕನ್ನಡ ಬಾರದ ಒಬ್ಬ ತರುಣ ಬರಿಯ ಧಾಟಿಯೊಳಗೆ ಇಷ್ಟನ್ನು ಕೇಳಿಸಿಕೊಂಡ ಎಂಬುದು ಬೆರಗಿನ ಸಂಗತಿ. ಈ ಪುಟದಲ್ಲಿ ನಿಮಗೆ ಧಾಟಿಯನ್ನು ಕೇಳಿಸಲಾರೆ. ಆದರೆ ಆ ಬಂಗಾಳಿ ಹಾಡುಗಳು ಇಂದು ಯಾರ ಫೋನಿನಲ್ಲಾದರೂ ಅರ್ಧ ನಿಮಿಷದಲ್ಲಿ ಸಿಗುತ್ತವೆ.

ಕನ್ನಡದ ಧಾಟಿಗಳು ಕಲ್ಕತ್ತೆ ತಲುಪಲು ಇನ್ನೊಂದು ದಾರಿಯೂ ಇತ್ತು. ಟಾಗೋರರ ಅಕ್ಕ ಸ್ವರ್ಣಕುಮಾರಿ ದೇವಿಯವರ ಮಗಳು ಸರಳಾದೇವಿ. ಬಂಗಾಳದ ಪ್ರತಿಷ್ಠಿತ ಮನೆಯ ಹೆಣ್ಣುಮಗಳು ದೂರದ ಊರಿಗೆ ಒಬ್ಬಳೇ ಹೋಗಿ ನೌಕರಿ ಮಾಡುವುದೆಂದರೆ ಆ ಕಾಲಕ್ಕೆ ಹುಬ್ಬೇರಿಸುವ ಸಂಗತಿ. ಆಕೆ ಮೈಸೂರಿಗೆ ಬಂದು ಮಹಾರಾಣಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಹೋಗುವಾಗ ಮೈಸೂರಿನ ಧಾಟಿಗಳ ಒಂದು ಗಂಟನ್ನೇ ಕಟ್ಟಿಕೊಂಡು ಹೋಗಿ ರವಿಮಾಮನಿಗೆ ಒಪ್ಪಿಸಿದರಂತೆ. ತಮ್ಮ ಆತ್ಮಕಥೆಯಲ್ಲಿ ಅವರು ಇದನ್ನು ಹೆಮ್ಮೆಯಿಂದ ನೆನೆದಿದ್ದಾರೆ. 'ಆನಂದಲೋಕೆ ಮಂಗಳಾಲೋಕೆ' ಎಂಬ ಪ್ರಸಿದ್ಧ ಪ್ರಾರ್ಥನೆಯನ್ನು ಬಂಗಾಳಿಗಳು ಇಂದಿಗೂ 'ಮಹೀಶೂರಿ ಭಜನ್' ಧಾಟಿಯದೆಂದು ಗುರುತಿಸುತ್ತಾರೆ. ನೋಡಿ, ಅಲ್ಲಿ ಊರಿನ ಹೆಸರು ಉಳಿದಿದೆ.

ಊರಿನ ಹೆಸರು ಉಳಿಯಿತು, ಸರಿ. ತೆಗೆದುಕೊಂಡವರ ಹೆಸರು ಉಳಿಯಿತು, ತಂದುಕೊಟ್ಟವರ ಹೆಸರೂ ಉಳಿಯಿತು. 'ಸಖಿ ಬಾ ಬಾ' ಎಂದು ಹಾಡಿದವರ ಹೆಸರು? ಅದು ಉಳಿದಿಲ್ಲ. ಒಬ್ಬ ಕಂಠವಂತೂ ಇದ್ದಿರಲೇಬೇಕು. ಯಾವುದೋ ಸಂಜೆ, ಯಾವುದೋ ಜಗುಲಿಯಲ್ಲಿ, ಗಂಡೋ ಹೆಣ್ಣೋ, ಒಬ್ಬರು ಬಾಯಿ ತೆರೆದು ಹಾಡಿದ್ದಾರೆ. ಟಾಗೋರ್ ಮನೆತನದ ಒಂದು ಕಿವಿ ಅದನ್ನು ಹಿಡಿದಿದೆ. ಒಂದು ಧಾಟಿ ಭಾಷೆ ದಾಟಿ, ಧರ್ಮ ದಾಟಿ, ನೂರನಲವತ್ತು ವರ್ಷ ಬದುಕಿದೆ. ಹಾಡಿದವರು ಮಾತ್ರ ಅಲ್ಲಿಯೇ ನಿಂತುಬಿಟ್ಟರು. ಪ್ರೇರಣೆಯ ಚರಿತ್ರೆ ಓದುವಾಗ ನನಗೆ ಪ್ರತಿ ಸಲವೂ ಮುಳ್ಳಿನಂತೆ ಚುಚ್ಚುವುದು ಈ ಜಾಗ.

ಇದಕ್ಕೆ ಟಾಗೋರರನ್ನು ದೂರಬೇಕಾಗಿಲ್ಲ. ಅವರ ಮನೆಯವರು ಮೂಲ ಹಾಡನ್ನು ಹೆಸರಿಸಿ ಬರೆದಿಟ್ಟರು, ಅದೇ ದೊಡ್ಡದು. ಹಾಗೆ ಬರೆದಿಡದಿದ್ದರೆ ನಾವು ಇವತ್ತು ಈ ಮಾತನ್ನೇ ಆಡುತ್ತಿರಲಿಲ್ಲ. ನಮ್ಮಲ್ಲಿ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಇಂಗ್ಲಿಷ್ ಕವಿತೆಗಳನ್ನು ಕನ್ನಡದ ನಡಿಗೆಗೆ ತಂದಾಗ ಪುಸ್ತಕಕ್ಕೆ 'ಇಂಗ್ಲಿಷ್ ಗೀತಗಳು' ಎಂದೇ ಹೆಸರಿಟ್ಟರು. ಮುಚ್ಚಿಡಲಿಲ್ಲ. ಹೊಸಗನ್ನಡ ಕಾವ್ಯದ ಒಂದು ದಾರಿಯೇ ಆ ಪುಸ್ತಕದಿಂದ ತೆರೆಯಿತು. ಧಾಟಿ ಮೊದಲು, ಮಾತು ಆಮೇಲೆ ಎಂಬ ಕೆಲಸ ಇಂದು ನಮ್ಮ ಸಿನಿಮಾ ಹಾಡಿನಲ್ಲಿ ನಿತ್ಯದ್ದು. ಅಂಕೋಲೆಯಿಂದ ದಕ್ಷಿಣಕ್ಕೆ ಗಂಗಾವಳಿ ದಾಟಿದರೆ ಗೋಕರ್ಣ. ಆ ಊರಿನ ಜಯಂತ ಕಾಯ್ಕಿಣಿಯವರು 2006ರ 'ಮುಂಗಾರು ಮಳೆ'ಗೆ ಬರೆದದ್ದು ಮನೋಮೂರ್ತಿಯವರ ಧಾಟಿಗೆ. ಅಲ್ಲಿ ಇಬ್ಬರ ಹೆಸರೂ ತೆರೆಯ ಮೇಲಿದೆ.

ಹೆಸರು ಉಳಿಯುವುದಕ್ಕೆ ಯಂತ್ರವೂ ನೆರವಾಗುತ್ತದೆ. ಎಡಿಸನ್ನನ ಫೋನೋಗ್ರಾಫು 1877ರದ್ದಾದರೂ 1883ರ ಕಾರವಾರದಲ್ಲಿ ಹಾಡನ್ನು ಹಿಡಿದಿಡಲು ನೆನಪೇ ಸಾಧನ. 1902ರಲ್ಲಿ ಕಲ್ಕತ್ತೆಯ ಹೋಟೆಲಿನ ಕೋಣೆಯೊಂದರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮೊಫೋನಿನ ಕಹಳೆಯೆದುರು ಹಾಡಿದರು. ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಗಟ್ಟಿಯಾಗಿ ಹೇಳಿದರು. ಬಿಂಕದಿಂದಲ್ಲ. ತಟ್ಟೆಗಳನ್ನು ಅಚ್ಚು ಮಾಡುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿದು ಚೀಟಿ ಅಂಟಿಸಲು ಅನುಕೂಲವಾಗಲೆಂದು. ಆ ಕಾಲದ ಬೇರೆ ಹಲವು ಕಲಾವಿದರೂ ಹೀಗೆಯೇ ಮಾಡಿದರು. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ಪದ್ಧತಿಯಿಂದ, ಇಂದಿಗೂ ಆ ತಟ್ಟೆ ಹಾಕಿದರೆ ಹಾಡಿನ ಕೊನೆಗೆ ಹಾಡಿದವರೇ ಎದ್ದು ನಿಂತಂತಾಗುತ್ತದೆ.

ಈಗ ಕಾರವಾರದಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಅಂಕೋಲೆಗೆ ಬರೋಣ. 1930ರ ಉಪ್ಪಿನ ಸತ್ಯಾಗ್ರಹದಿಂದ ನಿಮಗೆ ಈ ಊರು ಪಾಠದಲ್ಲಿ ಪರಿಚಿತ. ಆ ಅಂಕೋಲೆಯ ಬಡಗೇರಿ ಎಂಬ ಹಳ್ಳಿಯಲ್ಲಿ ಸುಕ್ರಿ ಬೊಮ್ಮಗೌಡ ಇದ್ದರು. ಜಿಲ್ಲೆಯವರಿಗೆಲ್ಲ ಸುಕ್ರಜ್ಜಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ಹೆಂಗಸು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯ ಬಾಯಿಂದ ಕಲಿತ ಹಾಡುಗಳನ್ನು ಸಾವಿರದ ಲೆಕ್ಕದಲ್ಲಿ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಗದ್ದೆಯ ಕೆಲಸದ ಹಾಡು, ಮದುವೆಯ ಹಾಡು, ಹಬ್ಬದ ಹಾಡು. ಬಡಗೇರಿಯಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಸೇರಿಸಿ ಹೋರಾಡಿದವರೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ತೀರಿಕೊಂಡರು.

ಹಾಲಕ್ಕಿಗಳ ಕಲೆಯನ್ನು ಕಿವಿಯಿಂದಷ್ಟೇ ಅಲ್ಲ, ಕಣ್ಣಿನಿಂದಲೂ ಕಲಿಯಬೇಕು. ಹೆಂಗಸರ ಕೊರಳ ತುಂಬ ಸುತ್ತುಸುತ್ತಾಗಿ ಮಣಿಸರಗಳು, ಸೀರೆ ಉಡುವ ಬೇರೆಯೇ ರೀತಿ. ಗಂಡಸರು ಸುಗ್ಗಿಯಲ್ಲಿ ಮನೆಮನೆಯ ಅಂಗಳಕ್ಕೆ ಕುಣಿಯಲು ಬರುವಾಗ ತಲೆಯ ಮೇಲೆ ಎತ್ತರದ ತುರಾಯಿ, ಅದಕ್ಕೆ ಬೆಂಡಿನ ಹೂವು, ಬಣ್ಣಬಣ್ಣದ ಅಲಂಕಾರ. ಮಣ್ಣಿನ ಗುಮಟೆಯ ಬಡಿತ. ಈ ಗುಮಟೆ ಗೋವೆಗೂ ಸಲ್ಲುತ್ತದೆ, ಅಲ್ಲಿನವರ ಹಬ್ಬದಲ್ಲೂ ಮೊಳಗುತ್ತದೆ. ಯಾರಿಂದ ಯಾರು ಕಲಿತರೋ, ಮಡಕೆಗೆ ಗಡಿಯ ಗುರುತಿಲ್ಲ.

ಜಿಲ್ಲೆಯ ಜನಪದ ಹಾಡುಗಳನ್ನು ಊರೂರು ತಿರುಗಿ ಬರೆದುಕೊಂಡವರಲ್ಲಿ ಕುಮಟೆಯ ಡಾ. ಎಲ್.ಆರ್. ಹೆಗಡೆಯವರ ಹೆಸರು ದೊಡ್ಡದು. ಅವರ ತಲೆಮಾರಿನ ಸಾಧನ ಪೆನ್ಸಿಲು ಮತ್ತು ನೋಟುಬುಕ್ಕು. ಬರೆದರೆ ಮಾತು ಉಳಿಯುತ್ತದೆ, ಧಾಟಿ ಜಾರಿಹೋಗುತ್ತದೆ. ಆಮೇಲೆ ಆಕಾಶವಾಣಿಯ ಧ್ವನಿಮುದ್ರಣ ಬಂತು, ಧಾಟಿಯೂ ಉಳಿಯಿತು. 2005ರಲ್ಲಿ ಯೂಟ್ಯೂಬ್ ಶುರುವಾದ ಮೇಲೆ ಮುಖವೂ ಉಳಿಯುವಂತಾಯಿತು. ಸುಕ್ರಜ್ಜಿ ಹಾಡುವ ವಿಡಿಯೋಗಳನ್ನು ನೀವು ಹುಡುಕಿ ನೋಡಬಹುದು. ನೋಡುವಾಗ ಒಂದನ್ನು ಗಮನಿಸಿ. ಹಾಡು, ಧಾಟಿ, ಕೊರಳ ಮಣಿ, ಹೆಸರು ಎಲ್ಲವೂ ಒಂದೇ ಕಡೆ ಇವೆ. 1883ರಲ್ಲಿ ತಪ್ಪಿಹೋದದ್ದು ಇಲ್ಲಿ ತಪ್ಪಿಲ್ಲ. ನಾಳೆ ಯಾವುದೋ ದೇಶದ ಇಪ್ಪತ್ತೆರಡು ವರ್ಷದ ತರುಣನೊಬ್ಬ ಆ ಧಾಟಿಯನ್ನು ಕೇಳಿ ತನ್ನ ಭಾಷೆಯಲ್ಲಿ ಹಾಡು ಕಟ್ಟಿದರೆ, ಮೂಲ ಯಾರದೆಂದು ಬರೆಯಲು ಅವನಿಗೆ ತೊಂದರೆಯಿಲ್ಲ. ಬರೆಯುತ್ತಾನೋ ಇಲ್ಲವೋ, ಆ ಮಾತು ಬೇರೆ. ತುಣುಕು ಮಾಡಿ, ಕೆಳಗೆ ಡ್ರಮ್ಮಿನ ಸದ್ದು ಸೇರಿಸಿ, ಹೆಸರು ಕತ್ತರಿಸಿ ಹಾಕುವುದೂ ಅದೇ ಯಂತ್ರದಿಂದಲೇ ಆಗುತ್ತದೆ.

ಚಿತ್ರಕಲೆಯ ಕಡೆ ಒಲವಿರುವವರಿಗೆ ಒಂದು ಮಾತು. ಗೋವೆಯಿಂದ ಹಿಡಿದು ನಮ್ಮ ಕರಾವಳಿಯ ಹಳೆಯ ಗುಡಿಗಳ ಗೋಡೆಗಳಲ್ಲಿ ಕೆಂಪು-ಬಿಳಿ ಎರಡೇ ಬಣ್ಣದ ಚಿತ್ರಗಳಿರುತ್ತಿದ್ದವು. ಕಾವಿ ಕಲೆ ಎನ್ನುತ್ತಾರೆ. ಚಿಪ್ಪು ಸುಟ್ಟ ಸುಣ್ಣಕ್ಕೆ ನದಿಯ ಮರಳು, ಬೆಲ್ಲ ಸೇರಿಸಿ, ಕೆಲವು ದಿನ ಕೊಳೆಯಲು ಬಿಟ್ಟು, ಕುಟ್ಟಿ ಹದ ಮಾಡಿದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ಲೇಪ. ಹಸಿಯಿರುವಾಗಲೇ ಉಕ್ಕಿನ ಮೊನೆಯಿಂದ 'ಕೆರೆದರೆ' ಕೆಂಪಿನ ಕೆಳಗಿನ ಬಿಳಿ ಹೊರಬಂದು ಬಳ್ಳಿಯೋ ನವಿಲೋ ದೇವರೋ ಆಗುತ್ತದೆ. ಗುಡಿಗಳನ್ನು ಜೀರ್ಣೋದ್ಧಾರವೆಂದು ಕೆಡವಿ ಸಿಮೆಂಟು ಬಳಿದಾಗ ಇವುಗಳಲ್ಲಿ ಬಹಳಷ್ಟು ಹೋದವು. ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತರು ಇವುಗಳ ಬೆನ್ನುಹತ್ತಿ ಫೋಟೋ ತೆಗೆದು, ರೇಖಾಚಿತ್ರ ಬರೆದು, ಲೇಖನ ಬರೆದರು. ಆ ಸಂಗ್ರಹ 1990ರ ದಶಕದ ಕೊನೆಯಿಂದ 'ಕಾಮತ್ಸ್ ಪಾಟ್‌ಪೂರಿ' ಎಂಬ ಜಾಲತಾಣದಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಕಾಮತರು 2002ರಲ್ಲಿ ತೀರಿಕೊಂಡರು. ಗೋಡೆ ಬಿದ್ದರೂ ಗೆರೆ ಉಳಿದಿದೆ. ವಿನ್ಯಾಸ ಕಲಿಯುವ ವಿದ್ಯಾರ್ಥಿ ದೂರದ ದೇಶದ ಗೋಡೆಚಿತ್ರ ನೋಡುವಷ್ಟೇ ಸುಲಭವಾಗಿ ತನ್ನ ಅಜ್ಜನ ಊರಿನ ಗುಡಿಯ ನವಿಲನ್ನೂ ನೋಡಬಹುದು. ಕೆರೆದ ಕೈಗಳ ಹೆಸರು ಮಾತ್ರ ಇಲ್ಲಿಯೂ ಹೆಚ್ಚಾಗಿ ಇಲ್ಲ.

ಆದ್ದರಿಂದ ಕಡಲತೀರದಲ್ಲಿ ಫೋನು ಹಿಡಿದು ಕುಳಿತ ಹುಡುಗರ ಮೇಲೆ ನನಗೆ ಆ ಹಿರಿಯರಷ್ಟು ಸಿಟ್ಟಿಲ್ಲ. ಟಾಗೋರರ ಕೈಯಲ್ಲಿ ಫೋನಿದ್ದರೆ ಅವರೂ ಐರ್ಲೆಂಡಿನ ಹಾಡು ಹುಡುಕುತ್ತ ಕುಳಿತಿರುತ್ತಿದ್ದರೋ ಏನೋ. ನಡುನಡುವೆ ತಲೆಯೆತ್ತಿ ಕಾಳಿಯ ಬಾಯಿಯ ಕಡೆ ನೋಡುತ್ತಿದ್ದರು ಎಂದು ಮಾತ್ರ ನಂಬುತ್ತೇನೆ.

ನಿಮಗೊಂದು ಕೆಲಸ ಕೊಡುತ್ತೇನೆ. ಅಂಕವಿಲ್ಲ, ಪರೀಕ್ಷೆಯಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಆ 'ಬಡೊ ಆಶಾ ಕರೆ' ಹಾಡನ್ನು ಹುಡುಕಿ ಮನೆಯ ಅಜ್ಜಿಗೆ ಕೇಳಿಸಿ. ಬಂಗಾಳಿಯೆಂದು ಮೊದಲೇ ಹೇಳಬೇಡಿ. ಎರಡು ಸಲ ಹಾಕಿ. "ಅಜ್ಜಿ, ಈ ಧಾಟಿ ಎಲ್ಲಾದರೂ ಕೇಳಿದ ನೆನಪಿದೆಯೇ?" ಎಂದು ಕೇಳಿ. ಇಲ್ಲವೆನ್ನಬಹುದು, ನಿದ್ದೆ ಬಂತೆನ್ನಬಹುದು. ಒಂದು ವೇಳೆ ತಲೆದೂಗಿ ತಾವೇ ಬೇರೆ ಏನಾದರೂ ಗುನುಗತೊಡಗಿದರೆ, ಅದು ಯಾವ ಹಾಡಾದರೂ ಸರಿ, ಫೋನಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿ. ಹಾಡು ಮುಗಿದ ಮೇಲೆ ನಿಲ್ಲಿಸಲು ಅವಸರ ಮಾಡಬೇಡಿ. ಹಾಡು ಯಾರಿಂದ ಕಲಿತದ್ದೆಂದು ಕೇಳಿ, ಅವರ ಹೆಸರನ್ನೂ ತನ್ನ ಹೆಸರನ್ನೂ ಊರಿನ ಹೆಸರನ್ನೂ ಅಜ್ಜಿಯ ಬಾಯಿಂದಲೇ ಹೇಳಿಸಿ.